ಮಳೆ ಬರೆದ ನಕ್ಷೆ

ಆಗುಂಬೆಯಿಂದ ಚಳ್ಳಕೆರೆಗೆ ಒಂದೇ ಹಗಲಿನ ದಾರಿ. ಅಷ್ಟರಲ್ಲೇ ಎರಡು ಬೇರೆ ಬೇರೆ ಲೋಕ. ಅಮೆಜಾನಿನ ಕಾಡಿನಿಂದ ಸೈಬೀರಿಯಾದ ಹೆಪ್ಪುನೆಲದವರೆಗೆ ಭೂಮಿಯ ಜೀವವಲಯಗಳನ್ನು ಸುತ್ತಿ, ನಾವು ‘ಪಾಳು’ ಎಂದು ಕರೆದ ನಮ್ಮದೇ ಬಯಲಿಗೆ ಮರಳುವ ಪಯಣ.

ಜುಲೈ ತಿಂಗಳ ಬೆಳಗು, ಆಗುಂಬೆ. ಮಳೆ ನಿಂತು ಹತ್ತು ನಿಮಿಷವಾಗಿದೆ, ಕಾಡಿನೊಳಗೆ ಮಾತ್ರ ಹನಿಯುವುದು ನಿಂತಿಲ್ಲ. ಮೇಲಿನ ಎಲೆ ಕೆಳಗಿನ ಎಲೆಗೆ, ಅದು ಇನ್ನೂ ಕೆಳಗಿನದಕ್ಕೆ ನೀರು ದಾಟಿಸುತ್ತಲೇ ಇದೆ. ಒಂದು ಎಲೆಯನ್ನು ಬೆರಳಿನ ಮೇಲಿಟ್ಟು ನೋಡಿದೆ. ತುದಿ ಬಾಲದಂತೆ ಚಾಚಿಕೊಂಡು ಸೂಜಿಮೊನೆಯಾಗಿದೆ. ಬಿದ್ದ ನೀರೆಲ್ಲ ನಡುನರದ ಗುಂಟ ಓಡಿ ಆ ಮೊನೆಯಿಂದ ಇಳಿದುಹೋಗುತ್ತದೆ. ಎಲೆಯ ಮೇಲೆ ನೀರು ನಿಂತರೆ ಪಾಚಿ ಕಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ, ಬಿಸಿಲು ಒಳಗಿಳಿಯುವುದಿಲ್ಲ. ಹಾಗಾಗಿ ಮಲೆನಾಡಿನ ಮನೆಯ ಸೂರಿಗೆ ದಂಬೆ ಕಟ್ಟಿದ ಹಾಗೆ ಇಲ್ಲಿ ಒಂದೊಂದು ಎಲೆಯೂ ತನಗೆ ತಾನೇ ದಂಬೆ ಕಟ್ಟಿಕೊಂಡಿದೆ. ಅಷ್ಟು ನೋಡುವುದರೊಳಗೆ ಕಾಲಿಗೆ ಮೂರು ಇಂಬಳ ಹತ್ತಿದ್ದವು.

ಅಲ್ಲಿಂದ ಬಸ್ಸು ಹಿಡಿದು ಪೂರ್ವಕ್ಕೆ ಹೊರಟರೆ ತೀರ್ಥಹಳ್ಳಿ ದಾಟುವವರೆಗೂ ಕಿಟಕಿಯ ಗಾಜು ಮಬ್ಬು. ಶಿವಮೊಗ್ಗದ ಹೊತ್ತಿಗೆ ಮಳೆ ತುಂತುರಾಗುತ್ತದೆ. ಹೊಳಲ್ಕೆರೆ ಸುತ್ತ ಅಡಿಕೆ ತೋಟಗಳು ನೀರಿದ್ದಲ್ಲಿಗಷ್ಟೇ ಸೀಮಿತ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಭರ್ರನೆ ತಿರುಗುತ್ತವೆ. ಮುಂಗಾರು ಇಲ್ಲಿಗೆ ತಲುಪುವುದು ಬರೀ ಗಾಳಿಯಾಗಿ. ಸಂಜೆಗೆ ಚಳ್ಳಕೆರೆ. ಕಣ್ಣು ಹಾಯುವವರೆಗೂ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ, ಕಾರೆಯ ಮುಳ್ಳುಪೊದೆ, ಮೇಲೆ ಅಗಾಧವಾದ ಆಕಾಶ. ಪಕ್ಕದ ಸೀಟಿನಲ್ಲಿದ್ದ ಹುಡುಗ ಹೊರಗೆ ನೋಡಿ, “ಇಲ್ಲೇನೂ ಇಲ್ಲ” ಎಂದ. ಆ ಮಾತು ನನ್ನನ್ನು ಬಿಡಲಿಲ್ಲ.

ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಗೆ 500ರ ಆಸುಪಾಸು. ನಕ್ಷೆಯಲ್ಲಿ ಗೆರೆ ಎಳೆದರೆ ಎರಡೂ ಊರಿನ ನಡುವೆ 200 ಕಿಲೋಮೀಟರೂ ಇಲ್ಲ. ಬೀಸುವುದು ಅದೇ ಮುಂಗಾರು ಗಾಳಿ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಹೊರೆ ಇಳಿಸುತ್ತದೆ. ಆಚೆ ಬದಿಗೆ ಇಳಿಯುವಾಗ ಅದರ ಕೈ ಬರಿದು. ಈ ಒಂದು ಕಾರಣಕ್ಕೆ ಆಗುಂಬೆಯಲ್ಲಿ ಮಂಗಟ್ಟೆ, ಸಿಂಗಳೀಕ, ಕಾಳಿಂಗ. ಚಳ್ಳಕೆರೆಯಲ್ಲಿ ನೆಲಗುಬ್ಬಿ, ತೋಳ, ಕೃಷ್ಣಮೃಗ.

ಬೆಟ್ಟ ಹತ್ತಿದವನು ಕಂಡದ್ದು

ಮಳೆ ಮತ್ತು ಶಾಖ ಸೇರಿ ಒಂದು ನೆಲದ ಗಿಡಗಳನ್ನು ಆರಿಸುತ್ತವೆ, ಆ ಗಿಡಗಳು ಪ್ರಾಣಿಗಳನ್ನು ಆರಿಸುತ್ತವೆ. ಹೀಗೆ ರೂಪುಗೊಂಡ ವಿಶಾಲ ಜೀವವಲಯವನ್ನು ವಿಜ್ಞಾನಿಗಳು ‘ಬಯೋಮ್’ ಎನ್ನುತ್ತಾರೆ. ಈ ತಿಳಿವಳಿಕೆ ಮೊದಲು ಸ್ಪಷ್ಟವಾಗಿ ಮೂಡಿದ್ದು ಬೆಟ್ಟದ ಮೇಲೆ. 1802ರ ಜೂನ್‌ನಲ್ಲಿ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಈಗಿನ ಈಕ್ವೆಡಾರ್ ದೇಶದ ಚಿಂಬೊರಾಝೊ ಪರ್ವತ ಹತ್ತಿದರು. ತುದಿ ಮುಟ್ಟಲಾಗದೆ ಹಿಂದಿರುಗಿದರೂ ಅವರು ದೊಡ್ಡದೊಂದು ಸಂಗತಿಯನ್ನು ಹೊತ್ತು ತಂದರು. ಬುಡದಲ್ಲಿ ತಾಳೆ ಜಾತಿಯ ಮರಗಳ ದಟ್ಟ ಕಾಡು, ಮೇಲೆ ಹೋದಂತೆ ಕುರುಚಲು, ಆಮೇಲೆ ಹುಲ್ಲು, ಕೊನೆಗೆ ಕಲ್ಲುಹೂವು ಮತ್ತು ಹಿಮ. ಸಮಭಾಜಕದಿಂದ ಧ್ರುವದವರೆಗೆ ಸಾವಿರಾರು ಮೈಲಿ ಹರಡಿರುವುದನ್ನು ಒಂದು ಬೆಟ್ಟ ತನ್ನ ಮೈಮೇಲೆ ಅಂಚುಅಂಚಾಗಿ ತೋರಿಸಿತ್ತು.

ಅವರ ನಂತರ ಬಂದ ವ್ಲಾಡಿಮಿರ್ ಕೊಪೆನ್ ಅವರಿಗೆ ಇದೇ ಪಾಠ ಹೇಳಿದ್ದು ಪ್ರಯಾಣ. ರಷ್ಯಾದಲ್ಲಿ ಬೆಳೆದ ಅವರು ಸೇಂಟ್ ಪೀಟರ್ಸ್‌ಬರ್ಗ್‌ಗೂ ಕ್ರಿಮಿಯಾದ ಮನೆಗೂ ಓಡಾಡುವಾಗ ಕಿಟಕಿಯಾಚೆ ಗಿಡಮರಗಳು ಬದಲಾಗುತ್ತ ಹೋಗುವುದನ್ನು ಗಮನಿಸಿದ್ದರು. ಅವರು ಕಟ್ಟಿದ ಹವಾಮಾನ ವರ್ಗೀಕರಣ ಇಂದಿಗೂ ಜಗತ್ತಿನ ಶಾಲೆಗಳ ಗೋಡೆಯ ಮೇಲಿದೆ. ಅವರ ಒಂದು ಗೆರೆ ನನಗೆ ಬಹಳ ಇಷ್ಟ: ವರ್ಷದ ಅತಿ ಬೆಚ್ಚನೆಯ ತಿಂಗಳ ಸರಾಸರಿ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ ಕಡೆ ಮರ ಬೆಳೆಯುವುದಿಲ್ಲ. ಎತ್ತರದ ಮರಗಳ ರಾಜ್ಯ ಆ ಗೆರೆಗೆ ಮುಗಿಯುತ್ತದೆ. ಈಗ ವಿಶ್ವ ವನ್ಯಜೀವಿ ನಿಧಿಯ ನಕ್ಷೆಯಲ್ಲಿ ನೆಲದ ಬಯೋಮ್‌ಗಳು ಒಟ್ಟು 14.

ಮಳೆ ಎಲ್ಲಿ ಬೀಳಬೇಕೆಂದು ನಿರ್ಧರಿಸುವುದು ಯಾರು? ಒಲೆಯ ಮೇಲಿನ ಹಂಡೆಯನ್ನು ನೆನೆಯಿರಿ. ತಳದಲ್ಲಿ ಕಾದ ನೀರು ಮೇಲೇಳುತ್ತದೆ, ಅಂಚಿಗೆ ಸರಿದು ತಣಿದು ಕೆಳಗಿಳಿಯುತ್ತದೆ. ಭೂಮಿಗೆ ಸಮಭಾಜಕವೇ ಉರಿಯ ಜಾಗ. ಅಲ್ಲಿ ಕಾದ ತೇವದ ಗಾಳಿ ಮೇಲೇರಿ ಮಳೆ ಸುರಿಸುತ್ತದೆ. ಅಮೆಜಾನ್, ಕಾಂಗೊ, ಇಂಡೋನೇಷ್ಯಾದ ಕಾಡುಗಳು ಆ ಮಳೆಯ ಮಕ್ಕಳು. ನೀರು ಕಳೆದುಕೊಂಡ ಅದೇ ಗಾಳಿ ಉತ್ತರಕ್ಕೂ ದಕ್ಷಿಣಕ್ಕೂ ಸರಿದು 30 ಡಿಗ್ರಿ ಅಕ್ಷಾಂಶದ ಸುತ್ತ ಒಣಗಾಳಿಯಾಗಿ ಇಳಿಯುತ್ತದೆ. ಗ್ಲೋಬಿನ ಮೇಲೆ ಬೆರಳಾಡಿಸಿ ನೋಡಿ: ಸಹಾರಾ, ಅರೇಬಿಯಾ, ಕಲಹಾರಿ, ಆಸ್ಟ್ರೇಲಿಯಾದ ಒಳನಾಡು, ಎಲ್ಲ ಆ ಎರಡು ಪಟ್ಟಿಗಳ ಆಸುಪಾಸಿನಲ್ಲೇ ಸಿಗುತ್ತವೆ.

ಬಡ ಮಣ್ಣಿನ ಸಿರಿವಂತ ಕಾಡು

ಅಮೆಜಾನ್ ಕಾಡಿನಲ್ಲಿ ಸುಮಾರು 16,000 ಜಾತಿಯ ಮರಗಳಿವೆ ಎಂಬುದು 2013ರ ಒಂದು ಅಂದಾಜು. ಇಷ್ಟೆಲ್ಲ ಬೆಳೆಯುವ ಮಣ್ಣು ಎಷ್ಟು ಫಲವತ್ತಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ವಾಸ್ತವದಲ್ಲಿ ಅದರ ಬಹುಭಾಗ ಬಡ ಮಣ್ಣು. ಲಕ್ಷಾಂತರ ವರ್ಷಗಳ ಮಳೆ ಅದರ ಸಾರವನ್ನು ತೊಳೆದುಬಿಟ್ಟಿದೆ. ಕಾಡಿನ ಐಶ್ವರ್ಯವೆಲ್ಲ ಮರಗಳ ಮೈಯಲ್ಲೇ ಇದೆ. ಎಲೆ ಉದುರಿದರೆ ಗೆದ್ದಲು, ಶಿಲೀಂಧ್ರಗಳು ಕೆಲವೇ ತಿಂಗಳಲ್ಲಿ ಅದನ್ನು ಕರಗಿಸುತ್ತವೆ, ಮೇಲ್ಮಣ್ಣಿನಲ್ಲೇ ಹರಡಿದ ಬೇರುಗಳು ಕೂಡಲೇ ಹೀರಿಕೊಳ್ಳುತ್ತವೆ. ಕಾಡು ಕಡಿದು ಸುಟ್ಟರೆ ಎರಡು ಮೂರು ಬೆಳೆ ಚೆನ್ನಾಗಿ ಬರುತ್ತದೆ, ಆಮೇಲೆ ನೆಲ ಸುಮ್ಮನಾಗುತ್ತದೆ.

ಹಾಗಾದರೆ ಮಳೆಯೊಂದಿಗೆ ಕೊಚ್ಚಿಹೋಗುವ ರಂಜಕದ ಲೆಕ್ಕ ತುಂಬುವುದು ಹೇಗೆ? ಉತ್ತರದ ಒಂದು ಪಾಲು ಅಟ್ಲಾಂಟಿಕ್ ಸಾಗರದ ಆಚೆ, ಸಹಾರಾದಲ್ಲಿದೆ. ಛಾದ್ ದೇಶದಲ್ಲಿ ಬೊಡೆಲೆ ಎಂಬ ಒಣಗಿದ ಕೆರೆಯಂಗಳವಿದೆ. ಅಲ್ಲಿನ ಧೂಳು ಗಾಳಿಯೇರಿ ಸಮುದ್ರ ದಾಟುತ್ತದೆ. ಉಪಗ್ರಹದ ಮಾಹಿತಿ ಆಧರಿಸಿ 2015ರಲ್ಲಿ ಪ್ರಕಟವಾದ ಲೆಕ್ಕದಂತೆ ವರ್ಷಕ್ಕೆ ಸುಮಾರು 2.8 ಕೋಟಿ ಟನ್ ಆಫ್ರಿಕಾದ ಧೂಳು ಅಮೆಜಾನ್ ಜಲಾನಯನದ ಮೇಲೆ ಬೀಳುತ್ತದೆ. ಅದರೊಳಗೆ ಸುಮಾರು 22,000 ಟನ್ ರಂಜಕ. ಜಗತ್ತಿನ ಅತಿ ದೊಡ್ಡ ಬಿಸಿ ಮರುಭೂಮಿ ಜಗತ್ತಿನ ಅತಿ ದೊಡ್ಡ ಮಳೆಕಾಡಿಗೆ ಪ್ರತಿ ವರ್ಷ ಗೊಬ್ಬರ ಕಳಿಸುತ್ತಿದೆ. ಮರುಭೂಮಿಯನ್ನು ಸತ್ತ ನೆಲ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಮಳೆಕಾಡಿನ ಬಗ್ಗೆ ಹೇಳುವಾಗ ನಮ್ಮ ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳನ್ನು ಮರೆಯಲಾರೆ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ವರ್ಷವಿಡೀ ನೀರು ಜಿನುಗುವ ಕಣಿವೆಗಳಲ್ಲಿ ಈ ಮರಗಳಿವೆ. ಕೆಸರಿನಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ. ಹಾಗಾಗಿ ಬೇರು ಮಡಚಿದ ಮೊಣಕಾಲಿನಂತೆ ನೀರಿನಿಂದ ಮೇಲೆದ್ದು, ಗಾಳಿ ಕುಡಿದು, ಮತ್ತೆ ಕೆಸರಿಗಿಳಿಯುತ್ತದೆ. ಹೂಬಿಡುವ ಸಸ್ಯಗಳಲ್ಲೇ ಬಹು ಹಳೆಯ ವಂಶಕ್ಕೆ ಸೇರಿದ ಮರವಿದು. ಗದ್ದೆಗೆಂದು, ತೋಟಕ್ಕೆಂದು ಇಂಥ ಎಷ್ಟೋ ಜಡ್ಡಿಗಳು ಹೋಗಿ ಈಗ ತುಣುಕುಗಳಷ್ಟೇ ಉಳಿದಿವೆ.

ಮಂಜು ಕುಡಿಯುವ ದುಂಬಿ

ನೈಋತ್ಯ ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಮಳೆ ಹೆಸರಿಗಷ್ಟೇ. ಕಡಲ ಕಡೆಯಿಂದ ಮುಂಜಾನೆ ಮಂಜು ಮಾತ್ರ ಬರುತ್ತದೆ. ಆ ಹೊತ್ತಿಗೆ ಒಂದು ಕಪ್ಪು ದುಂಬಿ ಮರಳಿನ ದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಮಾಡಿ, ಬೆನ್ನನ್ನು ಗಾಳಿಗೊಡ್ಡಿ ನಿಲ್ಲುತ್ತದೆ. ಮಂಜು ಬೆನ್ನ ಮೇಲೆ ಹನಿಗಟ್ಟಿ ಜಾರಿ ನೇರ ಬಾಯಿಗೆ ಬರುತ್ತದೆ. ಅದೇ ನೆಲದ ವೆಲ್‌ವಿಚಿಯಾ ಗಿಡ ಸಾವಿರ ವರ್ಷಕ್ಕೂ ಮೀರಿ ಬದುಕಬಲ್ಲದು, ಆದರೆ ಇಡೀ ಆಯಸ್ಸಿಗೆ ಅದಕ್ಕಿರುವುದು ಎರಡೇ ಎಲೆ. ಬುಡದಿಂದ ಬೆಳೆಯುತ್ತ ತುದಿಯಿಂದ ಸವೆಯುತ್ತ ಅವು ನೆಲದ ಮೇಲೆ ಚಿಂದಿಯಾಗಿ ಹೊರಳಾಡುತ್ತವೆ.

ಸಹಾರಾ ಎಂದೆಂದಿಗೂ ಮರಳಾಗಿರಲಿಲ್ಲ. ಅಲ್ಜೀರಿಯಾದ ತಸ್ಸಿಲಿ ಬಂಡೆಗಳ ಮೇಲೆ ದನದ ಹಿಂಡು, ಜಿರಾಫೆಗಳ ಚಿತ್ರಗಳಿವೆ. ಸುಮಾರು 11,000ದಿಂದ 5,000 ವರ್ಷಗಳ ಹಿಂದಿನವರೆಗೆ ಅಲ್ಲಿ ಹುಲ್ಲು, ಕೆರೆ ಇದ್ದವು. ಸೂರ್ಯನ ಸುತ್ತ ಭೂಮಿಯ ಓಲಾಟದಲ್ಲಿ ಸಣ್ಣ ವ್ಯತ್ಯಾಸವಾಗಿ ಮಳೆಗಾಳಿ ದಕ್ಷಿಣಕ್ಕೆ ಸರಿಯಿತು, ನೆಲ ಒಣಗಿತು.

ದೊಡ್ಡ ರೋಗ ಮತ್ತು ಸೆರೆಂಗೆಟಿಯ ಮರಗಳು

ಕಾಡಿಗೂ ಮರುಭೂಮಿಗೂ ನಡುವೆ ಸವನ್ನಾ ಇದೆ: ಹುಲ್ಲಿನ ಕಡಲು, ನಡುನಡುವೆ ಕೊಡೆಯಾಕಾರದ ಮರ. ಒಂದು ಮಳೆಗಾಲ, ಒಂದು ಉದ್ದನೆಯ ಬೇಸಿಗೆ, ಬೇಸಿಗೆಯಲ್ಲಿ ಬೆಂಕಿ. ಹುಲ್ಲಿನ ಕುಡಿ ನೆಲಕ್ಕಂಟಿ ಇರುವುದರಿಂದ ಮೇಲೆ ಸುಟ್ಟರೂ, ದನ ಮೇಯ್ದರೂ ಬುಡದಿಂದ ಮತ್ತೆ ಚಿಗುರುತ್ತದೆ. ಎಳೆಯ ಮರಕ್ಕೆ ಆ ಅನುಕೂಲವಿಲ್ಲ.

ತಾಂಜಾನಿಯಾದ ಸೆರೆಂಗೆಟಿಯಲ್ಲಿ ಈ ಲೆಕ್ಕಾಚಾರ ಎಷ್ಟು ಸೂಕ್ಷ್ಮ ಎಂಬುದು ಒಂದು ದನದ ಕಾಯಿಲೆಯಿಂದ ಜಗತ್ತಿಗೆ ಗೊತ್ತಾಯಿತು. ನಮ್ಮ ರೈತರು ದೊಡ್ಡ ರೋಗ ಎಂದು ಕರೆದು ಹೆದರುತ್ತಿದ್ದ ಅದೇ ಕಾಯಿಲೆ. 1880ರ ದಶಕದ ಕೊನೆಗೆ ಇಟಲಿಯ ಸೇನೆಗೆಂದು ಎರಿಟ್ರಿಯಾಕ್ಕೆ ತಂದ ದನಗಳೊಂದಿಗೆ ಅದು ಆಫ್ರಿಕಾದ ಒಳನಾಡಿಗೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಪೂರ್ವ ಆಫ್ರಿಕಾದ ಬಹುಪಾಲು ದನಗಳು ಸತ್ತವು, ಅವುಗಳನ್ನೇ ನಂಬಿದ್ದ ಮಸಾಯಿ ಜನ ಹಸಿವಿನಿಂದ ಸತ್ತರು. ಕಾಡೆಮ್ಮೆ, ವೈಲ್ಡ್‌ಬೀಸ್ಟ್‌ಗಳಿಗೂ ಅದು ತಗುಲಿ, ದಶಕಗಳ ಕಾಲ ಕರುಗಳನ್ನು ಕೊಲ್ಲುತ್ತಲೇ ಇತ್ತು.

ಆಮೇಲೆ ಪಶುವೈದ್ಯರು ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದರು. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ದನದಲ್ಲಿ ರೋಗ ನಿಂತದ್ದೇ 1960ರ ದಶಕದ ಮೊದಲಲ್ಲಿ ವೈಲ್ಡ್‌ಬೀಸ್ಟ್‌ಗಳಲ್ಲೂ ನಿಂತಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದವು 1970ರ ದಶಕದ ಕೊನೆಗೆ 13 ಲಕ್ಷದ ಹತ್ತಿರ ಬಂದವು. ಅಷ್ಟು ಬಾಯಿಗಳು ಹುಲ್ಲು ಮೇಯ್ದದ್ದರಿಂದ ಬೇಸಿಗೆಯ ಬೆಂಕಿಗೆ ಉರಿಯಲು ಒಣಹುಲ್ಲು ಸಾಲದಾಯಿತು. ಬೆಂಕಿ ಕಡಿಮೆಯಾದ ಕಡೆ ಎಳೆ ಮರಗಳು ಬದುಕಿ ಎತ್ತರಕ್ಕೇರಿದವು, ಮರ ತಿನ್ನುವ ಜಿರಾಫೆಗಳಿಗೆ ಮೇವಾಯಿತು. ಹಳ್ಳಿಯ ಕೊಟ್ಟಿಗೆಯಲ್ಲಿ ಚುಚ್ಚಿದ ಸೂಜಿ ಕಾಡಿನಲ್ಲಿ ಮರ ಬೆಳೆಸಿತು! ನಾನು ಓದಿರುವ ನಿಸರ್ಗದ ಸಂಗತಿಗಳಲ್ಲಿ ಇದರಷ್ಟು ಮೈನವಿರೇಳಿಸಿದ್ದು ಇನ್ನೊಂದಿಲ್ಲ. 2011ರಲ್ಲಿ ದೊಡ್ಡ ರೋಗ ಇಡೀ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಬೇರೇ ಬಂಡವಾಳ

ಸಮಶೀತೋಷ್ಣ ಹುಲ್ಲುಗಾವಲುಗಳದು ಇನ್ನೊಂದು ಬಗೆ. ಉತ್ತರ ಅಮೆರಿಕದ ಪ್ರೇರಿ, ಉಕ್ರೇನಿನಿಂದ ಮಂಗೋಲಿಯಾದವರೆಗಿನ ಸ್ಟೆಪ್, ಅರ್ಜೆಂಟೀನಾದ ಪಂಪಾ. ಇಲ್ಲಿ ಬಹುತೇಕ ಕಡೆ ಚಳಿಗಾಲ ಕಠೋರ, ಮಳೆ ಸಾಧಾರಣ. ಪ್ರೇರಿಯ ಎತ್ತರದ ಹುಲ್ಲಿನ ಬೇರು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಪ್ರತಿ ವರ್ಷ ಆ ಬೇರಿನ ಒಂದು ಪಾಲು ನೆಲದೊಳಗೇ ಕೊಳೆತು, ಸಾವಿರಾರು ವರ್ಷಗಳಲ್ಲಿ ಜಗತ್ತಿನ ಅತ್ಯಂತ ಫಲವತ್ತಾದ ಕಪ್ಪು ಮಣ್ಣಾಗಿದೆ. ಮಳೆಕಾಡು ಹಣವನ್ನೆಲ್ಲ ಮೈಮೇಲೆ ಹೊತ್ತು ತಿರುಗುತ್ತದೆ. ಹುಲ್ಲುಗಾವಲು ನೆಲದಡಿ ಹೂತಿಡುತ್ತದೆ.

ಅದೇ ಅದಕ್ಕೆ ಮುಳುವಾಯಿತು. 1837ರಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ ಮೇಲೆ ಪ್ರೇರಿಯ ಗಟ್ಟಿ ಬೇರುನೆಲ ಸೀಳಿಕೊಂಡಿತು. ಕೋಟಿಗಟ್ಟಲೆ ಇದ್ದ ಬೈಸನ್‌ಗಳು 1880ರ ದಶಕದ ಕೊನೆಗೆ ಸಾವಿರದ ಆಸುಪಾಸಿನಷ್ಟೇ ಉಳಿದಿದ್ದವು. 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡುವ ಬೇರಿಲ್ಲದ ಮಣ್ಣು ಎದ್ದು ಆಕಾಶ ಮುಚ್ಚಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಯನ್ನು ಅಮೆರಿಕನ್ನರು ಇಂದಿಗೂ ‘ಕಪ್ಪು ಭಾನುವಾರ’ ಎಂದು ನೆನೆಯುತ್ತಾರೆ. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಈಗ ಶೇ 4ರಷ್ಟೂ ಉಳಿದಿಲ್ಲ.

ಕಜಾಕಸ್ತಾನದ ಸ್ಟೆಪ್‌ನಿಂದ ಮಾತ್ರ ಒಂದು ಸಂತೋಷದ ಸುದ್ದಿಯಿದೆ. ಅಲ್ಲಿನ ಸೈಗಾ ಜಿಂಕೆಗೆ ಸಣ್ಣ ಸೊಂಡಿಲಿನಂತೆ ಜೋತ ಮೂಗು. ಬೇಸಿಗೆಯಲ್ಲಿ ಧೂಳು ಸೋಸಲು, ಚಳಿಯಲ್ಲಿ ಗಾಳಿಯನ್ನು ಬೆಚ್ಚಗೆ ಮಾಡಿಕೊಳ್ಳಲು. 2015ರ ಮೇ ತಿಂಗಳಲ್ಲಿ ಕೆಲವೇ ವಾರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾ ಸತ್ತುಬಿದ್ದವು. ಎಂದಿನಂತೆ ಅವುಗಳ ಮೈಯಲ್ಲೇ ಇದ್ದ ಬ್ಯಾಕ್ಟೀರಿಯಾ, ಅಸಹಜ ಸೆಕೆ ಮತ್ತು ತೇವ ಸೇರಿದ್ದೇ ವಿಷವಾಯಿತು. ಆದರೆ ಬೇಟೆ ತಡೆದು ಬಯಲನ್ನು ಬಯಲಾಗಿಯೇ ಬಿಟ್ಟದ್ದರಿಂದ ಅವು ಮತ್ತೆ ಹೆಚ್ಚಿದವು. 2023ರಲ್ಲಿ ತೀವ್ರ ಅಪಾಯದ ಪಟ್ಟಿಯಿಂದ ಅವನ್ನು ಹೊರತರಲಾಯಿತು.

ಉತ್ತರದ ಗೆರೆಯಾಚೆ

ಯುರೋಪ್, ಜಪಾನ್, ಪೂರ್ವ ಅಮೆರಿಕದ ಎಲೆ ಉದುರುವ ಕಾಡುಗಳು ಕ್ಯಾಲೆಂಡರುಗಳಿಂದ ನಮಗೆ ಪರಿಚಿತ. ಮೆಡಿಟರೇನಿಯನ್ ಬಗೆಯ, ಚಳಿಗಾಲಕ್ಕೆ ಮಳೆ ಬೀಳುವ ಕುರುಚಲು ನೆಲಗಳೂ ಜಗತ್ತಿನ ಐದು ಮೂಲೆಗಳಲ್ಲಿವೆ. ಅವುಗಳಲ್ಲೊಂದಾದ ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಸುಮಾರು 9,000 ಸಸ್ಯ ಜಾತಿಗಳಲ್ಲಿ ಹೆಚ್ಚಿನವು ಬೇರೆಲ್ಲೂ ಇಲ್ಲ. ಎಲೆ ಉದುರುವ ಕಾಡುಗಳಿಂದ ಉತ್ತರಕ್ಕೆ ಹೋದರೆ ಟೈಗಾ. ನೆಲದ ಬಯೋಮ್‌ಗಳಲ್ಲಿ ಅತಿ ದೊಡ್ಡವುಗಳಲ್ಲಿ ಒಂದು. ಅಲಾಸ್ಕಾ, ಕೆನಡಾ, ಸ್ಕ್ಯಾಂಡಿನೇವಿಯಾ, ಸೈಬೀರಿಯಾಗಳ ಮೇಲೆ ಭೂಮಿಗೆ ಸುತ್ತಿದ ಕಡುಹಸಿರು ಪಟ್ಟಿ. ಹಿಮ ಜಾರಿಹೋಗಲೆಂದು ಗೋಪುರದಾಕಾರದ ಮರಗಳು, ನೀರು ಉಳಿಸಲು ಮೇಣ ಹಚ್ಚಿದ ಸೂಜಿಯೆಲೆ. ಅಲ್ಲೊಂದು ಕಪ್ಪೆಯಿದೆ: ಚಳಿಗಾಲಕ್ಕೆ ತರಗೆಲೆಯಡಿ ಸೇರಿ ಹೆಪ್ಪುಗಟ್ಟುತ್ತದೆ, ಎದೆಬಡಿತ ನಿಲ್ಲುತ್ತದೆ, ವಸಂತದಲ್ಲಿ ಕರಗಿ ಕುಪ್ಪಳಿಸಿಕೊಂಡು ಹೋಗುತ್ತದೆ.

ಕೊಪೆನ್ ಗೆರೆ ದಾಟಿದರೆ ಟಂಡ್ರಾ. ಮಳೆ–ಹಿಮ ಸೇರಿ ಮರುಭೂಮಿಯಷ್ಟೇ ನೀರು, ಆದರೂ ಬೇಸಿಗೆಯಲ್ಲಿ ನೆಲವೆಲ್ಲ ಜೌಗು. ಕೆಳಗೆ ಸದಾ ಹೆಪ್ಪುಗಟ್ಟಿರುವ ನೆಲ, ನೀರು ಇಂಗಲು ದಾರಿಯಿಲ್ಲ. ಅಲ್ಲಿನ ಕುಬ್ಜ ವಿಲ್ಲೋ ಮರ ನಮ್ಮ ಗರಿಕೆಯೆತ್ತರಕ್ಕೂ ಬಾರದು. ಕೋಲಿಮಾ ನದಿಯ ದಂಡೆಯಲ್ಲಿ ಅಳಿಲೊಂದು ಸುಮಾರು 32,000 ವರ್ಷಗಳ ಹಿಂದೆ ಬಿಲದಲ್ಲಿ ಕೂಡಿಟ್ಟ ಕಾಯಿಗಳು ಹೆಪ್ಪುನೆಲದಲ್ಲಿ ಹಾಗೇ ಉಳಿದಿದ್ದವು. ರಷ್ಯಾದ ವಿಜ್ಞಾನಿಗಳು ಅವುಗಳ ಅಂಗಾಂಶದಿಂದ ಗಿಡ ಬೆಳೆಸಿದರು; ಬಿಳಿ ಹೂ ಬಿಟ್ಟಿತು. 2012ರಲ್ಲಿ ಆ ಸುದ್ದಿ ಹೊರಬಿತ್ತು. ಈಗ ಅದೇ ನೆಲ ಕರಗುತ್ತಿದೆ. ಚಳಿಗಾಲದಲ್ಲಿ ಸೊನ್ನೆಗಿಂತ 67 ಡಿಗ್ರಿ ಕೆಳಗಿಳಿದ ದಾಖಲೆಯಿರುವ ವೆರ್ಖೊಯಾನ್‌ಸ್ಕ್ ಪಟ್ಟಣದಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಬಿಸಿಲಿತ್ತು. ವಾತಾವರಣದಲ್ಲಿರುವ ಇಂಗಾಲದ ಸುಮಾರು ಎರಡರಷ್ಟು ಈ ಹೆಪ್ಪುನೆಲಗಳಲ್ಲಿ ಅಡಗಿದೆ.

ಮತ್ತೆ ನಮ್ಮ ಬಯಲಿಗೆ

ಇಷ್ಟೆಲ್ಲ ಸುತ್ತಿ ಬಂದರೆ ಚಳ್ಳಕೆರೆಯ ಬಯಲು ಬೇರೆಯಾಗಿಯೇ ಕಾಣುತ್ತದೆ. ಅದು ಸವನ್ನಾದ ಬಂಧು. ಈ ಬಯಲಿನ ಬೆಲೆಯನ್ನು ಹಿಂದಿನವರು ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಅದರ ದನಗಳಿಗೆಂದು ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಸೀಮೆಗಳಲ್ಲಿ ‘ಕಾವಲು’ ಎಂಬ ಹುಲ್ಲುಗಾವಲುಗಳನ್ನು ಕಾಯ್ದಿಟ್ಟರು. ಮ್ಯಾಸನಾಯಕ ಸಮುದಾಯದ ದೇವರ ಎತ್ತುಗಳನ್ನು ಕಿಲಾರಿಗಳು ಇಂದಿಗೂ ಈ ಬಯಲುಗಳಲ್ಲೇ ಮೇಯಿಸುತ್ತಾರೆ. ಚಳ್ಳಕೆರೆಯ ಕಂಬಳಿಯೂ ಈ ಹುಲ್ಲು ತಿಂದ ಕುರಿಯ ಉಣ್ಣೆಯೇ.

ಆದರೆ ಕಂದಾಯದ ಭಾಷೆಯಲ್ಲಿ ತೆರಿಗೆ ತಾರದ ನೆಲಕ್ಕೆ ಬ್ರಿಟಿಷರು ‘ಪಾಳು’ ಎಂದರು, ನಾವು ಅದನ್ನೇ ಮುಂದುವರಿಸಿದೆವು. ದೇಶದ ಬಂಜರು ಭೂಮಿ ನಕ್ಷೆಯಲ್ಲಿ ಇಂದಿಗೂ ಎಷ್ಟೋ ಹುಲ್ಲುಗಾವಲುಗಳು ಸೇರಿವೆ. ಪಾಳು ಎಂದ ಮೇಲೆ ಏನು ಮಾಡಿದರೂ ಅದು ಉದ್ಧಾರವೇ. ಚಳ್ಳಕೆರೆ ಸುತ್ತಲಿನ ಕಾವಲುಗಳ ಸುಮಾರು 10,000 ಎಕರೆ ರಕ್ಷಣೆ, ಸಂಶೋಧನೆಯ ಸಂಸ್ಥೆಗಳಿಗೆ ಹೋಯಿತು. ರಾಣೆಬೆನ್ನೂರಿನಲ್ಲಿ ಬಯಲಿನ ತುಂಬ ನೀಲಗಿರಿ ನೆಟ್ಟರು. ಅಲ್ಲೇ 1974ರಲ್ಲಿ ಕೃಷ್ಣಮೃಗಗಳಿಗೂ ಎರೆಭೂತಕ್ಕೂ ಅಭಯಧಾಮ ಎಂದು ಘೋಷಿಸಿದರು. ಎರೆಭೂತ, ಕೆಲವು ಕಡೆ ಎರ್ಲಡ್ಡು ಎನ್ನುವ ಆ ದೊಡ್ಡ ಹಕ್ಕಿ ಬರಿನೆಲದ ಮೇಲೆ ಹೆಚ್ಚಾಗಿ ಒಂದೇ ಮೊಟ್ಟೆ ಇಡುತ್ತದೆ, ದೂರದವರೆಗೆ ಕಣ್ಣಾಡಿಸಿ ಬದುಕುತ್ತದೆ. ಸಾಲು ಮರಗಳ ನಡುವೆ ಅದು ಉಳಿಯುವುದಾದರೂ ಹೇಗೆ? ರಾಣೆಬೆನ್ನೂರಿನಿಂದ ಅದು ಮರೆಯಾಯಿತು. ರಾಜ್ಯದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಗಿಡ ನೆಡುವುದನ್ನು ಪುಣ್ಯವೆಂದು ಕಲಿತು ಬೆಳೆದವರು ನಾವು. ಕಾಡು ಕಡಿದ ಕಡೆ ಕಾಡಿನ ಮರ ನೆಡಲಿ, ಮನಸಾರೆ ಬೇಡುತ್ತೇನೆ. ಆದರೆ ಹುಲ್ಲಿನ ಎದೆಯ ಮೇಲೆ ನೆಟ್ಟ ಮರ ಹುಲ್ಲನ್ನು, ಅದನ್ನು ನಂಬಿದ ಹಕ್ಕಿಯನ್ನು, ಜಿಂಕೆಯನ್ನು, ತೋಳವನ್ನು, ಕುರಿಗಾಹಿಯನ್ನು ಒಟ್ಟಿಗೇ ಒಕ್ಕಲೆಬ್ಬಿಸುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, 2007ರಲ್ಲಿ ಮೀಸಲಾದ ಒಂದು ಸಣ್ಣ ಬಯಲಿನಲ್ಲಿ, ಸಂಜೆ ಹುಲ್ಲೆಗಳ ಹಿಂಡು ನೆಗೆಯುತ್ತ ಸಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಿಸೆಂಬರಿನಲ್ಲಿ ನಾನು ಮತ್ತೆ ಚಳ್ಳಕೆರೆಯ ಕಾವಲಿಗೆ ಹೋದೆ. ಹುಲ್ಲು ಬಲಿತು ಕಂದಾಗಿತ್ತು. ಕುರಿಗಾಹಿಯೊಬ್ಬರು ಬಂಡೆಯ ಮೇಲೆ ಕೂತು ಕಂಬಳಿಗೆ ಹತ್ತಿದ ಬೀಜಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಭರ್ಜಿಯಂಥ ಚೂಪು ಬೀಜ, ಅದರ ಹಿಂದೆ ಹುರಿಗಟ್ಟಿದ ಉದ್ದನೆಯ ಕಪ್ಪು ಊಬು. “ಕೈ ಚಾಚು” ಎಂದು ಒಂದನ್ನು ನನ್ನ ಅಂಗೈಯಲ್ಲಿಟ್ಟು, ಬಾಟಲಿಯಿಂದ ಎರಡು ಹನಿ ನೀರು ಬಿಟ್ಟರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಊಬು ತಾನಾಗಿ ಹುರಿ ಬಿಚ್ಚುತ್ತ ಗಡಿಯಾರದ ಮುಳ್ಳಿನಂತೆ ನಿಧಾನಕ್ಕೆ ತಿರುಗತೊಡಗಿತು. ಮಣ್ಣಿನ ಮೇಲಿದ್ದಿದ್ದರೆ ಅದು ಹೀಗೆ ತಿರುತಿರುಗಿ ಬೀಜವನ್ನು ನೆಲದೊಳಕ್ಕೆ ಕೊರೆದು ನಾಟುತ್ತಿತ್ತು, ಬೇಸಿಗೆಯ ಬೆಂಕಿ ತಲುಪದ ಆಳಕ್ಕೆ. ನನ್ನ ಅಂಗೈಯಲ್ಲಿ ಮಣ್ಣಿರಲಿಲ್ಲ. ಆದರೂ ಅದು ತಿರುಗುತ್ತಲೇ ಇತ್ತು, ಮೊನೆ ಚರ್ಮಕ್ಕೆ ತಾಗಿ ಚುರುಕ್ಕೆನ್ನುವವರೆಗೂ.